ಕಡಿಮೆ ಬಿದ್ದ ನಲವತ್ತು ಗಂಟೆ

ಗುಮಾಸ್ತೆ: ಎಷ್ಟು ಸಲ ಹೇಳಲಿ ಸರ್? ನಲವತ್ತು ಗಂಟೆ ಕಡಿಮೆ ಇದೆ.

ಟೆಸ್ಟರಣ್ಣ: ನಾನೆಷ್ಟು ಸಲ ಹೇಳಲಿ ಮೇಡಂ? ಇಪ್ಪತ್ತೆರಡು ವರ್ಷ ಜಾಸ್ತಿ ಇದೆ!

ಗುಮಾಸ್ತೆ: ಆ ಇಪ್ಪತ್ತೆರಡು ವರ್ಷ ಲೆಕ್ಕಕ್ಕೆ ಬರಲ್ಲ.

ಟೆಸ್ಟರಣ್ಣ: ಯಾಕೆ ಬರಲ್ಲ? ಅಷ್ಟೂ ವರ್ಷ ನಾನೇನು ಹೊದ್ದು ಮಲಗಿದ್ನಾ?

ಗುಮಾಸ್ತೆ: ಅದು ಲೈಸೆನ್ಸ್ ಬಂದ ಮೇಲೆ ನಿಮ್ಮಷ್ಟಕ್ಕೆ ನೀವು ಮಾಡಿದ ಕೆಲಸ. ನಮಗೆ ಬೇಕಾಗಿರೋದು ಲೈಸೆನ್ಸ್ ಬರೋಕೆ ಮುಂಚೆ, ಲೈಸೆನ್ಸ್ ಇರೋ ಇನ್ನೊಬ್ಬರ ಕಣ್ಣೆದುರು, ಕಲೀತಾ ಕಲೀತಾ ಮಾಡಿದ ಕೆಲಸ. ಎಂಟು ಸಾವಿರ ಗಂಟೆ. ನಿಮ್ಮದು ಏಳು ಸಾವಿರದ ಒಂಬೈನೂರ ಅರವತ್ತು.

ಟೆಸ್ಟರಣ್ಣ: ಅಂದ್ರೆ ಗೊತ್ತಿಲ್ಲದೇ ಇದ್ದಾಗ ಮಾಡಿದ್ದು ಬೇಕು, ಗೊತ್ತಾದ ಮೇಲೆ ಮಾಡಿದ್ದು ಬೇಡ.

ಗುಮಾಸ್ತೆ: ಹಾಂ, ಈಗ ಅರ್ಥವಾಯ್ತು ನೋಡಿ ನಿಮಗೆ.

ಲೈಸೆನ್ಸ್ ಕಚೇರಿಯ ಮೂರನೇ ಕೌಂಟರಿನ ಎದುರು ಹೀಗೆ ತೋಳು ಮಡಚಿ ನಿಂತಿದ್ದವನು ಕಸುಬಿನಲ್ಲಿ ಎಲೆಕ್ಟ್ರಿಷಿಯನ್ನು. ಅಂಗಿಯ ಜೇಬಿನಲ್ಲಿ ಸದಾ ಒಂದು ಟೆಸ್ಟರು ಇರುತ್ತಿದ್ದುದರಿಂದ ಊರೆಲ್ಲ ಅವನನ್ನು ಟೆಸ್ಟರಣ್ಣ ಎನ್ನುತ್ತಿತ್ತು. ಮದುವೆಯ ಫೋಟೋದಲ್ಲಿ ಕೂಡ ಅದರ ತಲೆ ಜೇಬಿನಿಂದ ಇಣುಕಿದೆ. ಆದರೆ ಹಾಗೆಲ್ಲ ಕರೆಸಿಕೊಂಡು ಮೆರೆದದ್ದು ಹಿಂದಿನ ರಾಜ್ಯದಲ್ಲಿ. ನರ್ಸಾಗಿರುವ ಹೆಂಡತಿಗೆ ನಾಲ್ಕು ತಿಂಗಳ ಹಿಂದೆ ಬಡ್ತಿ ಸಿಕ್ಕಿ ಇಬ್ಬರೂ ಈ ರಾಜ್ಯಕ್ಕೆ ಬಂದರು. ಅವಳ ಬಡ್ತಿ ಗಡಿ ದಾಟಿತು, ಇವನ ಲೈಸೆನ್ಸು ದಾಟಲಿಲ್ಲ. ಅಲ್ಲಿ ಮೂರು ಅಂತಸ್ತಿನ ಕಟ್ಟಡಕ್ಕೆ ಒಬ್ಬನೇ ವೈರಿಂಗ್ ಮಾಡುತ್ತಿದ್ದ ಮನುಷ್ಯ ಇಲ್ಲಿ ಸೋಪಿನ ಕಾರ್ಖಾನೆಯಲ್ಲಿ ಬೇರೆಯವರು ಹತ್ತಿದ ಏಣಿ ಹಿಡಿದುಕೊಂಡು ನಿಲ್ಲುತ್ತಿದ್ದ. ಈಗ ಅದೇ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಜಾಗ ಖಾಲಿಯಾಗಿತ್ತು. ನಾಳೆ ಬೆಳಿಗ್ಗೆ ಎಂಟಕ್ಕೆ ಈ ರಾಜ್ಯದ ಲೈಸೆನ್ಸು ತೋರಿಸಿದರೆ ಜಾಗ ಅವನದು. ತೋರಿಸದಿದ್ದರೆ ಜಾಗ ಬೇರೆಯವರದು, ಏಣಿ ಇವನದು. ಗೋಡೆಯ ಗಡಿಯಾರ ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು. ಐದಕ್ಕೆ ಕೌಂಟರು ಮುಚ್ಚುತ್ತದೆ.

ಪಕ್ಕದಲ್ಲಿ ಹೆಂಡತಿ ಆಸ್ಪತ್ರೆಯ ಸಮವಸ್ತ್ರದಲ್ಲೇ ಫೈಲು ಹಿಡಿದು ನಿಂತಿದ್ದಳು. ಹಿಂದೆ ನಲವತ್ತೆಂಟನೇ ಟೋಕನ್ನಿನ ಹಿರಿಯರೊಬ್ಬರು, ಲಿಫ್ಟ್ ರಿಪೇರಿ ಮಾಡುವವರು, ತಮ್ಮ ಸರದಿಗೆ ಕಾಯುತ್ತಾ ಇವರ ಮಾತಿಗೆ ಕಿವಿ ಕೊಟ್ಟಿದ್ದರು.

ಟೆಸ್ಟರಣ್ಣ: ಅಲ್ಲಿ ಏಳೂವರೆ ಸಾವಿರ ಸಾಕಿತ್ತು ಮೇಡಂ. ಯಾರೂ ಚಕಾರ ಎತ್ತಲಿಲ್ಲ.

ಗುಮಾಸ್ತೆ: ಅದು ಅಲ್ಲಿ. ಇದು ಇಲ್ಲಿ.

ಟೆಸ್ಟರಣ್ಣ: ಕರೆಂಟು ಎರಡೂ ಕಡೆ ಒಂದೇ ತಾನೇ? ಗಡಿ ದಾಟಿದ ತಕ್ಷಣ ಬೇರೆ ಥರ ಹರಿಯುತ್ತಾ?

ಗುಮಾಸ್ತೆ: ಕರೆಂಟಿಗೆ ಅರ್ಜಿ ಹಾಕೋ ಅವಶ್ಯಕತೆ ಇಲ್ಲ ಸರ್. ನಿಮಗಿದೆ.

ಟೆಸ್ಟರಣ್ಣ: ಹೋಗಲಿ, ಈ ನಾಲ್ಕು ತಿಂಗಳು ಸೋಪಿನ ಕಾರ್ಖಾನೆಯಲ್ಲಿ ದುಡಿದಿದೀನಲ್ಲ. ಅಲ್ಲಿಯವರಿಗೆ ಲೈಸೆನ್ಸಿದೆ. ಅವರ ಕಣ್ಣೆದುರೇ ಇದ್ದೆ. ಅದರಲ್ಲಿ ನಲವತ್ತು ಗಂಟೆ ತೊಗೊಳಿ.

ಗುಮಾಸ್ತೆ: ಏನು ಮಾಡ್ತಿದ್ರಿ?

ಟೆಸ್ಟರಣ್ಣ: (ದನಿ ತಗ್ಗಿಸಿ) ಏಣಿ ಹಿಡ್ಕೊಳ್ತಿದ್ದೆ.

ಗುಮಾಸ್ತೆ: (ನಿಯಮದ ಪುಸ್ತಕ ತಿರುವಿ) ಏಣಿ ಹಿಡಿಯೋದು ಬರಲ್ಲ. ಏಣಿ ಹತ್ತೋದು ಬರುತ್ತೆ.

ಟೆಸ್ಟರಣ್ಣ: ಹತ್ತೋಕೆ ಬಿಡಲ್ಲ ಮೇಡಂ, ಲೈಸೆನ್ಸಿಲ್ಲ ಅಂತ!

ಗುಮಾಸ್ತೆ: ಅದಕ್ಕೇ ತಾನೇ ನೀವಿಲ್ಲಿಗೆ ಬಂದಿರೋದು?

ಟೆಸ್ಟರಣ್ಣ ನಿಯಮದ ಪುಸ್ತಕವನ್ನೇ ದುರುಗುಟ್ಟಿ ನೋಡಿದ. ಆ ಮಾತಿನಲ್ಲಿ ಎಲ್ಲೋ ಒಂದು ತಪ್ಪು ಇದೆ ಎಂದು ಅವನಿಗೆ ಖಾತ್ರಿಯಾಗಿ ಗೊತ್ತಿತ್ತು, ಎಲ್ಲಿ ಎಂದು ಮಾತ್ರ ಹೊಳೆಯಲಿಲ್ಲ.

ಹೆಂಡತಿ: ಹಟ ಯಾಕ್ರೀ? ಪರೀಕ್ಷೆ ಬರೆದುಬಿಡಿ. ಪರೀಕ್ಷೆ ಪಾಸಾದರೆ ಗಂಟೆ ಕೇಳಲ್ಲ ಅಂತ ಬೋರ್ಡಲ್ಲೇ ಹಾಕಿದಾರೆ.

ಟೆಸ್ಟರಣ್ಣ: ಪರೀಕ್ಷೆ ಮಾತು ಎತ್ತಬೇಡ ನೀನು.

ಗುಮಾಸ್ತೆ: ಮುಂದಿನ ಪರೀಕ್ಷೆ ಇನ್ನಾರು ತಿಂಗಳಿಗೆ. ಅನುಭವ ಇದೆಯಲ್ಲ ಸರ್, ನಿಮಗೆ ನೀರು ಕುಡಿದಷ್ಟು ಸುಲಭ.

ಹೆಂಡತಿ: ಅಲ್ಲಿ ಆ ನೀರು ಕುಡಿಯೋಕೆ ನಾಲ್ಕು ಸಲ ಕೂತಿದ್ರು ಮೇಡಂ.

ಟೆಸ್ಟರಣ್ಣ: ಏಯ್! ಮನೆ ಮಾತನ್ನ ಕೌಂಟರಿಗೆ ತರ್ತೀಯಲ್ಲ!

ಗುಮಾಸ್ತೆ: ಮೂರು ಸಲ ಹೋಯ್ತಾ? ಯಾವುದರಲ್ಲಿ?

ಹೆಂಡತಿ: ಒಂದೇ ಪ್ರಶ್ನೆ ಮೇಡಂ, ಮೂರು ಸಲವೂ. ‘ಸ್ವಿಚ್ ಹಾಕಿದರೂ ದೀಪ ಉರಿಯುತ್ತಿಲ್ಲ. ಮೊದಲು ಏನು ಮಾಡುವಿರಿ?’ ಕೆಳಗೆ ನಾಲ್ಕು ಉತ್ತರ ಕೊಟ್ಟಿದ್ರು. ಇವರು ಐದನೇದು ಬರೆದು ಬಂದ್ರು.

ಗುಮಾಸ್ತೆ: ಐದನೇದು ಎಲ್ಲಿತ್ತು?

ಟೆಸ್ಟರಣ್ಣ: ಇರಲಿಲ್ಲ, ಅದಕ್ಕೇ ಬರೆದೆ! ‘ಮೊದಲು ಮನೆಯವರನ್ನ ಕೇಳುವೆನು.’ ಬಲ್ಬು ಬಿಚ್ಚು, ಫ್ಯೂಸು ನೋಡು ಅಂತ ಮೂಟೆ ಉತ್ತರ ಕೊಟ್ಟಿದಾರೆ, ಮನೆಯವರನ್ನ ಕೇಳು ಅಂತ ಒಂದೂ ಇಲ್ಲ. ನನಗೆ ಕಲಿಸಿದೋರು ಹಾಗೆ ಕಲಿಸಿಲ್ಲ. ಕೆಟ್ಟದ್ದು ಏನೇ ಇರಲಿ, ಮೊದಲು ಮನೆಯವರ ಬಾಯಿ ಬಿಡಿಸು, ಆಮೇಲೆ ಡಬ್ಬಿ ಬಿಚ್ಚು ಅಂತ ಹೇಳಿಕೊಟ್ಟಿದಾರೆ.

ಗುಮಾಸ್ತೆ: ಕಲಿಸಿದೋರು ಯಾರು?

ಹೆಂಡತಿ: ನಮ್ಮಪ್ಪ.

ಗುಮಾಸ್ತೆ: ಅಂದ್ರೆ ಈ ಪ್ರಮಾಣಪತ್ರ ಕೊಟ್ಟಿರೋದು...

ಹೆಂಡತಿ: ನಮ್ಮಪ್ಪನೇ. ಇವರಿಗೆ ಮೊದಲು ಗುರು, ಆಮೇಲೆ ಮಾವ.

ಗುಮಾಸ್ತೆ: ಸ್ವಂತ ಮಾವ! ಕಣ್ಣು ಮುಚ್ಚಿಕೊಂಡು ಎಂಟು ಸಾವಿರ ಅಂತ ಬರೆದು ಕೊಡಬಾರದಿತ್ತಾ?

ಟೆಸ್ಟರಣ್ಣ: ನೀವು ನಮ್ಮ ಮಾವನ್ನ ನೋಡಿಲ್ಲ ಮೇಡಂ.

ಗುಮಾಸ್ತೆ ಪ್ರಮಾಣಪತ್ರವನ್ನು ಕಣ್ಣಿನ ಹತ್ತಿರ ತಂದಳು. ಕನ್ನಡಕ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

ಗುಮಾಸ್ತೆ: ಸರ್, ಸಹಿ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಏನೋ ಇದೆ. ‘ಇನ್ನು ನಲವತ್ತು ಗಂಟೆ ಬೇರೆ ಪುಟದಲ್ಲಿದೆ. ಕೇಳಿದರೆ ಹೇಳುತ್ತೇನೆ.’

ಟೆಸ್ಟರಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಎರಡು ಗಂಟೆಯಂತೆ ಇಪ್ಪತ್ತು ಸಲ ಎಂದರೆ ನಲವತ್ತು. ಆ ಇಪ್ಪತ್ತು ಶನಿವಾರಗಳು ಅವನಿಗೆ ಚೆನ್ನಾಗಿ ನೆನಪಿದ್ದವು. ಇಪ್ಪತ್ತನಾಲ್ಕು ವರ್ಷ ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡದ್ದು ಮಾವನ ಪುಸ್ತಕದ ಒಂದು ಪುಟದಲ್ಲಿ ಹಾಯಾಗಿ ಕೂತಿದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಹೆಂಡತಿ: (ಫೋನು ತೆಗೆದು) ಇಷ್ಟೇ ತಾನೇ? ಅಪ್ಪನಿಗೆ ಹಚ್ಚುತ್ತೀನಿ.

ಟೆಸ್ಟರಣ್ಣ: ಬೇಡ!

ಹೆಂಡತಿ: ಯಾಕೆ?

ಟೆಸ್ಟರಣ್ಣ: (ಪಿಸುಗುಟ್ಟುತ್ತಾ) ಆ ಶನಿವಾರಗಳು ಕಣೇ... ನಿಮ್ಮ ಮನೆ ಬೆಲ್ಲು...

ಹೆಂಡತಿಯ ಬೆರಳು ಅಲ್ಲೇ ನಿಂತಿತು. ಅವಳ ಕಿವಿಯ ತುದಿ ಕೆಂಪಾಯಿತು.

ಹೆಂಡತಿ: ಅಯ್ಯೋ! ಅಪ್ಪನಿಗೆ ಗೊತ್ತಾಗಿಬಿಟ್ಟಿತ್ತಾ?

ಟೆಸ್ಟರಣ್ಣ: ನಾನು ಅವರಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗ್ತಿದೀನಿ ಅಂತ ಸುಳ್ಳು ಹೇಳಿದ್ದೆ.

ಹೆಂಡತಿ: ಇಪ್ಪತ್ತು ಸಲವೂ?

ಟೆಸ್ಟರಣ್ಣ: ಬೇರೆ ಬೇರೆ ಹಲ್ಲು.

ಲಿಫ್ಟಿನವರು: ಐದಕ್ಕೆ ಮುಚ್ಚುತ್ತಾರೆ, ಹಚ್ಚಮ್ಮಾ ಫೋನು. ನಮಗೂ ಕೇಳಬೇಕು.

ಗುಮಾಸ್ತೆ: ಸ್ಪೀಕರ್ ಹಾಕಿ. ಫೋನಲ್ಲಿ ದೃಢೀಕರಣ ಆಗೋದಾದ್ರೆ ನಮಗೆ ಕೇಳೋ ಹಾಗೆ ಆಗಬೇಕು, ನಿಯಮ.

ಫೋನು ಮೂರು ಸಲ ಬಡಿದುಕೊಂಡಿತು. ಇಡೀ ಸಾಲು ಅರ್ಧ ಅಡಿ ಮುಂದೆ ಸರಿಯಿತು.

ಮಾವ: ಹೇಳಮ್ಮಾ.

ಹೆಂಡತಿ: ಅಪ್ಪಾ, ನಾನು.

ಮಾವ: ನೀನು ಅಂತ ಗೊತ್ತು. ಪಕ್ಕದಲ್ಲಿ ಬುಸುಬುಸು ಉಸಿರು ಬಿಡ್ತಿರೋದು ಯಾರು?

ಟೆಸ್ಟರಣ್ಣ: ನಾನು ಮಾವ.

ಮಾವ: ಏನಯ್ಯಾ, ಹಲ್ಲು ಹೇಗಿದೆ?

ಟೆಸ್ಟರಣ್ಣನ ಮುಖ ಇಂಗು ತಿಂದ ಮಂಗನಂತಾಯಿತು. ಪುಣ್ಯಕ್ಕೆ ಗುಮಾಸ್ತೆ ನಡುವೆ ಬಾಯಿ ಹಾಕಿದಳು.

ಗುಮಾಸ್ತೆ: ನಮಸ್ಕಾರ ಸರ್, ಲೈಸೆನ್ಸ್ ಕಚೇರಿಯಿಂದ. ನಿಮ್ಮ ಪ್ರಮಾಣಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ...

ಮಾವ: ಓದಿದ್ರಾ ತಾಯಿ? ನಿಮ್ಮ ಕಣ್ಣು ತಣ್ಣಗಿರಲಿ. ಇವರಿಬ್ಬರು ಓದಿರಲ್ಲ ಅಂತ ನನಗೆ ಗೊತ್ತಿತ್ತು. ತಡೀರಿ, ಪುಸ್ತಕ ಇಲ್ಲೇ ಇದೆ. ಪುಟ ಇನ್ನೂರ ಹನ್ನೊಂದು. ಕೆಲಸ: ಕಾಲಿಂಗ್ ಬೆಲ್ ರಿಪೇರಿ. ಜಾಗ: ನಮ್ಮ ಮನೆ ಮುಂಬಾಗಿಲು. ಸಮಯ: ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕು. ಒಟ್ಟು ಇಪ್ಪತ್ತು ಶನಿವಾರ.

ಗುಮಾಸ್ತೆ: ಒಂದು ಬೆಲ್ಲು... ಇಪ್ಪತ್ತು ಸಲ ರಿಪೇರಿ?

ಲಿಫ್ಟಿನವರು: ಇಡೀ ಲಿಫ್ಟೇ ಅಷ್ಟು ಸಲ ಕೆಡಲ್ಲ.

ಗುಮಾಸ್ತೆ: ಸಲಕ್ಕೆ ಎರಡು ಗಂಟೆ? ಒಂದು ಬೆಲ್ಲಿಗೆ?

ಮಾವ: ಅದನ್ನ ಅಳಿಯಂದಿರನ್ನೇ ಕೇಳಿ ತಾಯಿ. ಹಲ್ಲು ಕೀಳಿಸಿಕೊಂಡು ಬರ್ತೀನಿ ಅಂತ ನನ್ನ ಹತ್ತಿರ ರಜ ಕೇಳಿ ಹೋಗ್ತಿದ್ರು. ಆ ಹಲ್ಲಿನ ಡಾಕ್ಟರು ನನ್ನ ಹಳೇ ಗಿರಾಕಿ. ಅವರ ಬೋರ್ಡಿಗೆ ದೀಪ ಹಾಕಿಕೊಟ್ಟೋನು ನಾನೇ. ಶನಿವಾರ ಮಧ್ಯಾಹ್ನ ಬಾಗಿಲೇ ತೆಗೆಯಲ್ಲ ಅವರು.

ಇನ್ನು ಮುಚ್ಚಿಟ್ಟು ಏನು ಬಂತು? ಟೆಸ್ಟರಣ್ಣ ಎರಡೂ ಕೈ ಕೌಂಟರಿನ ಮೇಲೂರಿ, ಫೋನಿನ ಕಡೆ ಬಾಗಿದ.

ಟೆಸ್ಟರಣ್ಣ: ತಪ್ಪಾಯ್ತು ಮಾವ. ನಾಚಿಕೆಯಾಗಿ ಹೇಳಲಿಲ್ಲ. ಆ ಬೆಲ್ಲು ನಾನು ಹಾಕಿದ್ದು. ನೀವು ನನ್ನೊಬ್ಬನ ಕೈಗೇ ಬಿಟ್ಟ ಮೊದಲನೇ ಕೆಲಸ. ಹಾಕಿದ ವಾರದೊಳಗೆ ಕೆಟ್ಟಿತು. ಹೋಗಿ ಸರಿಮಾಡಿದೆ, ಮುಂದಿನ ವಾರ ಮತ್ತೆ ಕೆಟ್ಟಿತು. ಇಪ್ಪತ್ತು ವಾರ! ಗುರುಗಳ ಮನೆ ಬೆಲ್ಲೇ ನೆಟ್ಟಗೆ ಹಾಕೋಕೆ ಬರಲ್ಲ ಅಂತ ಗೊತ್ತಾದ್ರೆ ನೀವು ನನ್ನ ಅಂಗಡಿಯಿಂದ ಓಡಿಸ್ತಿದ್ರಿ. ಅದಕ್ಕೇ ಕದ್ದುಮುಚ್ಚಿ ಬಂದು ರಿಪೇರಿ ಮಾಡ್ತಿದ್ದೆ.

ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು.

ಹೆಂಡತಿ: ಏನಂದ್ರಿ?

ಗುಮಾಸ್ತೆ: ಇರಿ ಮೇಡಂ. ಸರ್, ಕೆಲಸ ಕೆಲಸವೇ. ಬೆಲ್ ರಿಪೇರಿ ನಮ್ಮ ಪಟ್ಟಿಯಲ್ಲಿದೆ. ಆ ನಲವತ್ತು ಸೇರಿಸಿದ್ರೆ ಸರಿಯಾಗಿ ಎಂಟು ಸಾವಿರ. ಪುಟದ ಫೋಟೋ ತೆಗೆದು ಕಳಿಸಿಬಿಡಿ, ಪುಸ್ತಕ ಆಮೇಲೆ ಅಂಚೆಯಲ್ಲಿ ಬರಲಿ.

ಮಾವ: ಕಳಿಸಲ್ಲ.

ಗುಮಾಸ್ತೆ: ಯಾಕೆ?

ಮಾವ: ನನ್ನ ಪುಸ್ತಕದಲ್ಲಿ ಪ್ರತಿ ಕೆಲಸಕ್ಕೂ ಮೂರು ಸಾಲು ತಾಯಿ. ದೋಷ ಏನು, ಸರಿಮಾಡಿದ್ದು ಹೇಗೆ, ಮನೆಯವರು ಏನಂದ್ರು. ಮೂರೂ ತುಂಬಿದ್ರೆ ಆ ಗಂಟೆ ಕೂಡಿಸ್ತೀನಿ. ಈ ಪುಟದಲ್ಲಿ ಮೊದಲನೇ ಸಾಲೂ ಖಾಲಿ, ಮೂರನೇ ಸಾಲೂ ಖಾಲಿ. ದೋಷ ತಿಳೀದೇ ಮಾಡಿದ ಕೆಲಸದ ಗಂಟೆ ನಾನು ಯಾರಿಗೂ ಕೊಟ್ಟಿಲ್ಲ.

ಟೆಸ್ಟರಣ್ಣ: ದೋಷ ಗೊತ್ತಲ್ಲ ಮಾವ! ಹಿಂದಿನ ಸ್ಕ್ರೂ ಸಡಿಲ ಆಗಿ ವೈರು ಕಳಚಿಕೊಳ್ತಿತ್ತು. ಇಪ್ಪತ್ತು ಸಲವೂ ಅದೇ.

ಮಾವ: ಸ್ಕ್ರೂ ಯಾಕೆ ಸಡಿಲ ಆಗ್ತಿತ್ತು?

ಟೆಸ್ಟರಣ್ಣ: ...ನಾನು ಸರಿಯಾಗಿ ಬಿಗಿದಿರಲಿಲ್ಲ.

ಮಾವ: ಆ ಮಾತು ನಾನು ಬರೆಯಲ್ಲ.

ಟೆಸ್ಟರಣ್ಣ: ಬರ್ಕೊಳ್ಳಿ ಮಾವ, ನನ್ನ ತಪ್ಪು ನಾನೇ ಒಪ್ಪಿಕೊಳ್ತಿದೀನಿ. ಅವತ್ತಿಂದ ಇವತ್ತಿನ ತನಕ ಒಂದೊಂದು ಸ್ಕ್ರೂನೂ ಮೂರು ಮೂರು ಸಲ ಬಿಗೀತೀನಿ. ಜನ ನಗ್ತಾರೆ. ಮನೆಗೆ ಬಂದು ಊಟಕ್ಕೆ ಕೂತ ಮೇಲೂ, ಬಿಗಿದೆನೋ ಇಲ್ಲವೋ ಅಂತ ಎದ್ದು ಹೋಗಿ ನೋಡಿ ಬಂದಿದೀನಿ. ಪರೀಕ್ಷೆ ಹಾಲಲ್ಲಿ ಕೂತ್ರೆ ನನಗೆ ಕಾಣೋದು ಆ ಬೆಲ್ಲೇ. ಒಂದು ಬೆಲ್ಲು ಹಾಕೋಕೆ ಬರದೋನು ನೀನು, ನಿನಗ್ಯಾಕೆ ಲೈಸೆನ್ಸು ಅಂತ ಅಣಕಿಸಿದ ಹಾಗಾಗುತ್ತೆ.

ನಲವತ್ತೆಂಟನೇ ಟೋಕನ್ನಿನ ಹಿರಿಯರು ಚಾವಣಿಯ ಫ್ಯಾನಿನ ಕಡೆ ನೋಡಿದರು. ಹೆಂಡತಿ ಮಾತ್ರ ಗಂಡನ ಮುಖದಿಂದ ಕಣ್ಣು ಕೀಳಲಿಲ್ಲ. ಸ್ವಲ್ಪ ಹೊತ್ತಿನ ಮುಂಚೆ ಕೆಂಪಾಗಿದ್ದ ಅವಳ ಕಿವಿ ಈಗ ಬಿಳುಚಿತ್ತು.

ಮಾವ: ಸರಿ. ಹಾಗಾದ್ರೆ ನಾನು ಕಲಿಸಿದ ಹಾಗೆ ಮಾಡೋಣ. ಮನೆಯವರನ್ನ ಕೇಳೋಣ. ಅವತ್ತು ಮನೆಯಲ್ಲಿ ಇದ್ದೋರು ಯಾರು? ನಿಮ್ಮಮ್ಮ ಮಧ್ಯಾಹ್ನ ಮಲಗಿರ್ತಿದ್ಳು. ಇನ್ನುಳಿದೋಳು ನೀನು. ಹೇಳಮ್ಮಾ, ಬೆಲ್ಲಿಗೆ ಏನಾಗ್ತಿತ್ತು?

ಹೆಂಡತಿ: ನನಗೇನು ಗೊತ್ತಪ್ಪಾ? ಹಳೇ ಮಾತು... ಗಾಳಿಗಿರಬೇಕು.

ಮಾವ: ಗಾಳಿಗೆ ಸ್ಕ್ರೂ ಬಿಚ್ಚೋಕೆ ಬರಲ್ಲ.

ಹೆಂಡತಿ: ಹಾಗಾದ್ರೆ ಇಲಿ.

ಮಾವ: ಇಲಿ ತಲೆಗೆ ಪಿನ್ನು ಸಿಕ್ಕಿಸಿಕೊಂಡಿರಲ್ಲ.

ಗಡಿಯಾರ ನಾಲ್ಕೂ ನಲವತ್ತೆಂಟಕ್ಕೆ ಬಂದಿತ್ತು. ಹೆಂಡತಿಯ ಕೈ ತಾನಾಗಿ ಜಡೆಯ ಹತ್ತಿರ ಹೋಯಿತು. ಹೋದದ್ದು ಗೊತ್ತಾಗಿ ತಟಕ್ಕನೆ ಕೆಳಗೆ ಬಂತು.

ಗುಮಾಸ್ತೆ: ಮೇಡಂ, ಹನ್ನೆರಡು ನಿಮಿಷ ಇದೆ.

ಹೆಂಡತಿ: (ಕಣ್ಣು ಮುಚ್ಚಿ, ಒಂದೇ ಉಸಿರಿಗೆ) ನಾನೇ ಸಡಿಲ ಮಾಡ್ತಿದ್ದೆ. ಹೇರ್‌ಪಿನ್ನಲ್ಲಿ. ಪಿನ್ನು ಹಾಕೋದು ಮಧ್ಯಾಹ್ನ, ಅಂಗಡಿಗೆ ಫೋನು ಮಾತ್ರ ಬೆಳಿಗ್ಗೆಯೇ ಮಾಡ್ತಿದ್ದೆ. ಅಪ್ಪ ಎತ್ತಿದ್ರೆ ಇಟ್ಟುಬಿಡ್ತಿದ್ದೆ, ಇವರು ಎತ್ತಿದ್ರೆ ಬೆಲ್ ಕೆಟ್ಟಿದೆ ಅಂತಿದ್ದೆ. ಸಾಕಾ?

ಟೆಸ್ಟರಣ್ಣ: ನೀನಾ?

ಹೆಂಡತಿ: ಮತ್ಯಾರು?

ಟೆಸ್ಟರಣ್ಣ: ಇಪ್ಪತ್ತು ಸಲವೂ?

ಹೆಂಡತಿ: ನಿಮಗೆ ಗೊತ್ತು ಅಂದ್ಕೊಂಡಿದ್ದೆ ಕಣ್ರೀ! ಗೊತ್ತಿದ್ದೇ ಬರ್ತಿದೀರ, ಅದಕ್ಕೇ ಎರಡೆರಡು ಗಂಟೆ ಕೂರ್ತೀರ ಅಂತ ನಾನು! ನಿಜವಾಗ್ಲೂ ಬೆಲ್ ನೋಡೋಕೆ ಬರ್ತಿದ್ರಾ?

ಟೆಸ್ಟರಣ್ಣ: ಮೊದಲನೇ ಹನ್ನೆರಡು ಶನಿವಾರ ನಾನು ಬೆಲ್ಲು ಬಿಟ್ಟು ಬೇರೇನೂ ನೋಡಿಲ್ಲ.

ಹೆಂಡತಿ: ಅದಕ್ಕೇ! ನಾನು ಹೊಸ ಬಟ್ಟೆ ಹಾಕ್ಕೊಂಡು, ಮುಖ ತೊಳೆದು, ಬಾಗಿಲಲ್ಲಿ ಬಂದು ನಿಂತ್ರೆ, ‘ಸ್ವಲ್ಪ ಬೆಳಕು ಬಿಡಿ’ ಅಂತಿದ್ರಿ!

ಲಿಫ್ಟಿನವರು: ಅಯ್ಯೋ ಪಾಪ.

ಟೆಸ್ಟರಣ್ಣ: ಮದುವೆಯಾಗಿ ಇಷ್ಟು ವರ್ಷದಲ್ಲಿ ಒಂದು ದಿನ ಹೇಳಬಾರದಿತ್ತಾ?

ಹೆಂಡತಿ: ನೀವು ಒಂದು ದಿನ ಕೇಳಿದ್ರಾ?

ಮಾವ: (ಫೋನಿನೊಳಗಿಂದ) ಅದನ್ನೇ ನಾನೂ ಕೇಳ್ತಿರೋದು. ಮನೆಯವರನ್ನ ಕೇಳು ಅಂತ ತಲೆಗೆ ಹತ್ತೋ ಹಾಗೆ ಹೇಳಿಕೊಟ್ಟೆ. ಪರೀಕ್ಷೆಲಿ ಮೂರು ಸಲ ಬರೆದು ಫೇಲಾದೆಯಲ್ಲಯ್ಯಾ, ನಮ್ಮ ಮನೆ ಬಾಗಿಲಲ್ಲಿ ಒಂದು ಸಲ ಕೇಳಿದ್ರೆ ಏನಾಗ್ತಿತ್ತು ನಿನಗೆ?

ಟೆಸ್ಟರಣ್ಣನಿಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೆ ಎಷ್ಟು ಬೇಕೋ ಅಷ್ಟು ಕಾರಣವೂ ಇತ್ತು. ಇಪ್ಪತ್ತನಾಲ್ಕು ವರ್ಷ ಒಂದೊಂದು ಸ್ಕ್ರೂನಲ್ಲೂ ತನ್ನ ತಪ್ಪನ್ನೇ ಕಂಡವನು ಅವನು. ಆದರೆ ಬಂದದ್ದು ಸಿಟ್ಟಲ್ಲ. ಎದೆಯ ಮೇಲಿಂದ ಯಾರೋ ಚಪ್ಪಡಿ ಕಲ್ಲು ಇಳಿಸಿದ ಹಾಗೆ ಹಗುರವಾಗಿ, ನಗು ಬಂತು.

ಟೆಸ್ಟರಣ್ಣ: ಅಂದ್ರೆ ನಾನು ಬಿಗಿದಿದ್ದು ಸರಿಯಾಗೇ ಇತ್ತು.

ಹೆಂಡತಿ: ಸರಿಯಾಗಾ? ನಿಮ್ಮ ಸ್ಕ್ರೂ ಬಿಚ್ಚೋಕೆ ಹೋಗಿ ಎಷ್ಟು ಪಿನ್ನು ಮುರಿದಿದೀನಿ ಗೊತ್ತಾ?

ಟೆಸ್ಟರಣ್ಣ: (ಗುಮಾಸ್ತೆಗೆ) ಕೇಳಿಸ್ಕೊಂಡ್ರಾ ಮೇಡಂ? ಸರಿಯಾಗೇ ಇತ್ತಂತೆ! (ಹಿಂದೆ ತಿರುಗಿ) ಕೇಳಿಸ್ತಾ ಯಜಮಾನರೇ? ಪಿನ್ನೇ ಮುರೀತಿತ್ತಂತೆ!

ಲಿಫ್ಟಿನವರು: ಇಡೀ ಕಚೇರಿಗೆ ಕೇಳಿಸ್ತು.

ಮಾವ: ಬರ್ಕೊಂಡೆ. ದೋಷ: ಹೇರ್‌ಪಿನ್ನು. ಮನೆಯವರ ಮಾತು: ತಾನೇ ಮಾಡಿದ್ದು ಅಂತ ಒಪ್ಪಿಕೊಂಡಿದ್ದಾರೆ. ಹೂಂ, ಈಗ ಪುಟ ತುಂಬಿತು. ನಲವತ್ತು ಗಂಟೆ ಸೇರಿಸಿ ತಾಯಿ.

ಗುಮಾಸ್ತೆ ಸೀಲು ಕೈಗೆ ತೆಗೆದುಕೊಂಡಳು. ಟೆಸ್ಟರಣ್ಣನ ಕಣ್ಣು ಆ ಸೀಲಿನ ಜೊತೆಗೇ ಮೇಲೆ ಹೋಯಿತು. ಸೀಲು ಅಲ್ಲೇ ನಿಂತಿತು.

ಗುಮಾಸ್ತೆ: ಒಂದು ನಿಮಿಷ. ಲೈಸೆನ್ಸ್ ಇರೋರ ಕಣ್ಣೆದುರು ಮಾಡಿದ ಕೆಲಸ ಮಾತ್ರ ಬರುತ್ತೆ. ಇವರು ನಿಮಗೆ ಸುಳ್ಳು ಹೇಳಿ ಬಂದು, ಕದ್ದುಮುಚ್ಚಿ ಮಾಡಿದ್ದಲ್ವಾ ಇದು? ನೋಡ್ಕೊಂಡೋರು ಯಾರೂ ಇರಲಿಲ್ಲವಲ್ಲ!

ಟೆಸ್ಟರಣ್ಣ: ಮೇಡಂ, ದಮ್ಮಯ್ಯ...

ಮಾವ: ನಾನಿದ್ದೆ.

ಗುಮಾಸ್ತೆ: ಎಲ್ಲಿ?

ಮಾವ: ಅಟ್ಟದಲ್ಲಿ. ಅಲ್ಲಿ ಕಿಟಕಿ ಇದೆ, ಕೆಳಗೆ ನೋಡಿದ್ರೆ ಮುಂಬಾಗಿಲು. ಮೊದಲನೇ ಶನಿವಾರ ಇವನ ಹಿಂದೆಹಿಂದೇನೇ ಬಂದು ಹಿತ್ತಲ ಮೆಟ್ಟಿಲು ಹತ್ತಿದೆ. ಎರಡನೇ ಶನಿವಾರದಿಂದ ಮುಂಚೆಯೇ ಬಂದು ಕೂರ್ತಿದ್ದೆ. ಹತ್ತೊಂಬತ್ತು ಸಲ ಮಗಳು ಪಿನ್ನು ಹಾಕಿದ್ದನ್ನ ಕಣ್ಣಾರೆ ಕಂಡಿದೀನಿ. ಪ್ರತಿ ಸಲವೂ ಮೊದಲು ಮೇನ್ ಆಫ್ ಮಾಡಿ ಆಮೇಲೆ ಕೈ ಹಾಕ್ತಿದ್ಳು. ಅಳಿಯಂದಿರು ಎರಡು ಸಲ ಮರೆತಿದ್ರು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಇಪ್ಪತ್ತನಾಲ್ಕು ವರ್ಷ ಇಬ್ಬರೂ ಸೇರಿ ಮುದುಕನ ಕಣ್ಣಿಗೆ ಮಣ್ಣೆರಚಿದ್ದೇವೆ ಎಂದುಕೊಂಡಿದ್ದರು. ಮುದುಕ ಅಷ್ಟೂ ಹೊತ್ತು ಅಟ್ಟದಲ್ಲಿ ಕೂತು ಪುಟ ಬರೆಯುತ್ತಿದ್ದ.

ಗುಮಾಸ್ತೆ: ಇನ್ನೊಂದಿದೆ ಸರ್. ನೋಡ್ಕೊಳ್ಳೋರು ಬೇಕಾದಾಗ ಕೆಲಸ ನಿಲ್ಲಿಸೋ ಹಾಗಿರಬೇಕು. ನೀವು ನಿಲ್ಲಿಸಬಹುದಿತ್ತಾ?

ಮಾವ: ಯಾವಾಗ ಬೇಕಾದ್ರೂ ನಿಲ್ಲಿಸಬಹುದಿತ್ತು ತಾಯಿ. ಕೋಲು ಕೂಡ ಪಕ್ಕದಲ್ಲೇ ಇತ್ತು. ನಿಲ್ಲಿಸಲಿಲ್ಲ.

ಹೆಂಡತಿ: ಯಾಕಪ್ಪಾ?

ಮಾವ: ಹುಡುಗ ಹನ್ನೆರಡು ಶನಿವಾರ ಬೆಲ್ಲಿನಿಂದ ಕಣ್ಣು ಎತ್ತಲಿಲ್ಲಮ್ಮಾ. ಎದುರಿಗೆ ನೀನು ಹೊಸ ಬಟ್ಟೆ ಹಾಕ್ಕೊಂಡು ನಿಂತಿದೀಯ, ಇವನು ಬೆಳಕು ಬಿಡಿ ಅಂತಾನೆ. ಇಷ್ಟು ನಿಯತ್ತಿನೋನಿಗೆ ಕರೆಂಟೂ ಕೊಡಬಹುದು, ಮಗಳನ್ನೂ ಕೊಡಬಹುದು ಅನ್ನಿಸ್ತು. ಬಾಯಿ ಬಿಟ್ಟು ಹೇಳೋಕೆ ಆಗಲಿಲ್ಲ, ಅಷ್ಟೆ.

ಟೆಸ್ಟರಣ್ಣ ಮೂಗು ಒರೆಸಿಕೊಂಡ. ಗುಮಾಸ್ತೆಯೂ ಯಾಕೋ ಕನ್ನಡಕ ತೆಗೆದು ಒರೆಸಿಕೊಂಡಳು. ಅಷ್ಟರಲ್ಲಿ ಫೋನು ಟಿಣ್ ಎಂದಿತು: ಪುಟ ಇನ್ನೂರ ಹನ್ನೊಂದು, ಮೂರೂ ಸಾಲು ತುಂಬಿ ಬಂದಿತ್ತು. ನಾಲ್ಕೂ ಐವತ್ತಾರು. ಸೀಲು ಮತ್ತೆ ಮೇಲೆದ್ದಿತು.

ಮಾವ: ತಡೀರಿ ತಾಯಿ. ಸುಳ್ಳು ಹೇಳಿದ ಪಾಪ ನನಗೆ ಬೇಡ. ಹದಿನಾರನೇ ಶನಿವಾರ ಬಾಯಾರಿಕೆಯಾಗಿ ಹಿತ್ತಲಿಗೆ ಇಳಿದು ನೀರು ಕುಡಿದು ಬಂದೆ. ಹತ್ತು ನಿಮಿಷ ನಾನು ಅಟ್ಟದಲ್ಲಿರಲಿಲ್ಲ. ಅಷ್ಟನ್ನ ಕಳೀರಿ.

ಟೆಸ್ಟರಣ್ಣ: ಮಾವ!

ಮಾವ: ಇದ್ದದ್ದು ಇದ್ದ ಹಾಗೆ ಹೇಳಬೇಕಯ್ಯಾ.

ಗುಮಾಸ್ತೆ: ಏಳು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಗಂಟೆ, ಐವತ್ತು ನಿಮಿಷ.

ಟೆಸ್ಟರಣ್ಣ: ನೀರು ಕುಡಿಯೋಕೆ ಅವತ್ತೇ ಆಗಬೇಕಿತ್ತಾ ಮಾವ? ಒಂದು ಚೊಂಬು ಮೇಲೆ ಇಟ್ಕೊಂಡಿದ್ರೆ ಗಂಟು ಹೋಗ್ತಿತ್ತಾ?

ಲಿಫ್ಟಿನವರು: ಹತ್ತು ನಿಮಿಷ ನನ್ನ ಕಡೆಯಿಂದ ತೊಗೊಳಿ ಮೇಡಂ, ಪುಣ್ಯ ಬರಲಿ.

ಗುಮಾಸ್ತೆ ನಿಯಮದ ಪುಸ್ತಕ ತೆರೆದಳು, ಬೆರಳಿಗೆ ನೀರು ಹಚ್ಚಿ ಹಾಳೆ ಹಾಳೆಯಾಗಿ ತಿರುವಿದಳು. ಟೆಸ್ಟರಣ್ಣನಿಗೆ ಕಾರ್ಖಾನೆಯ ಏಣಿ ಕಣ್ಣೆದುರು ಬಂತು. ಅದರ ಎಡಗಾಲು ಸ್ವಲ್ಪ ಅಲುಗುತ್ತದೆ, ಅದಕ್ಕೇ ಹಿಡಿಯಬೇಕು. ನಾಳೆ, ನಾಡಿದ್ದು, ಆಚೆನಾಡಿದ್ದು.

ಗುಮಾಸ್ತೆ: ಅರ್ಧ ಗಂಟೆ ದಾಟಿದ್ರೆ ಪೂರ್ತಿ ಗಂಟೆ ಅಂತ ಹಿಡೀಬಹುದು. ನಿಯಮ ಹದಿನೇಳು, ಟಿಪ್ಪಣಿ ಎರಡು.

ಠಪ್ ಎಂದು ಸೀಲು ಬಿತ್ತು. ಮತ್ತೊಂದು ಠಪ್. ಮೂರನೆಯದರ ಅವಶ್ಯಕತೆ ಇರಲಿಲ್ಲ, ಆದರೂ ಬಿತ್ತು. ಲೈಸೆನ್ಸು ಟೆಸ್ಟರಣ್ಣನ ಕೈಗೆ ಬಂದಾಗ ಶಾಯಿ ಇನ್ನೂ ಹಸಿಯಾಗಿತ್ತು. ಅವನು ಅದನ್ನು ಊದಿ ಊದಿ ಆರಿಸುತ್ತಾ, ಹೆಂಡತಿಯ ಭುಜಕ್ಕೆ ಭುಜ ತಾಗಿಸಿ ನಿಂತ. ಇಷ್ಟೆಲ್ಲ ಆದ ಮೇಲೂ ಫೋನು ಸ್ಪೀಕರಿನಲ್ಲೇ ಇತ್ತು ಎಂಬುದು ಇಬ್ಬರಿಗೂ ಮರೆತೇ ಹೋಗಿತ್ತು.

ಮಾವ: ಸಂತೋಷ. ಆದ್ರೆ ಪುಟ ಮುಚ್ಚೋಕೆ ಮುಂಚೆ ಒಂದು ಸಾಲು ಬರೀಬೇಕಲ್ಲ. ಆ ಹದಿನಾರನೇ ಶನಿವಾರ ನಾನು ಕೆಳಗೆ ಹೋಗುವಾಗ ಹುಡುಗ ಬೆಲ್ ಬಿಚ್ಚುತ್ತಿದ್ದ. ಮೇಲೆ ಬಂದು ನೋಡಿದ್ರೆ ಬೆಲ್ಲು ನೆಲದ ಮೇಲೆ, ಬಾಗಿಲು ಹಾಕಿದೆ, ಇಬ್ಬರೂ ಕಾಣಲ್ಲ. ಆ ಹತ್ತು ನಿಮಿಷ ಏನು ಕೆಲಸ ನಡೀತಯ್ಯಾ?

ಹೆಂಡತಿಯ ಹೆಬ್ಬೆರಳು ಹಾರಿ ಹೋಗಿ ಕೆಂಪು ಗುಂಡಿಯ ಮೇಲೆ ಬಿತ್ತು. ಫೋನು ಮೂಕವಾಯಿತು.

ಗುಮಾಸ್ತೆ: ಅರೆ, ಲೈನ್ ಹೋಯ್ತಾ? ಏನಾಯ್ತು ಸರ್?

ಟೆಸ್ಟರಣ್ಣ ಲೈಸೆನ್ಸನ್ನು ಜೇಬಿಗೆ, ಟೆಸ್ಟರಿನ ಪಕ್ಕಕ್ಕೆ ಇಳಿಸಿ, ಹೆಂಡತಿಯ ಕೈ ಹಿಡಿದುಕೊಂಡ.

ಟೆಸ್ಟರಣ್ಣ: ಏನಿಲ್ಲ ಮೇಡಂ. ಈ ಸಲ ದೋಷ ಎಲ್ಲಿದೆ ಅಂತ ನನಗೆ ಗೊತ್ತು.